ಒಪ್ಪಿಕೊಂಡವನಿಗೆ ಮೇಲ್ಮನವಿ ಏಕೆ?

ಕನ್ನಗಳವಿನ ಆರೋಪ ಹೊತ್ತವನು ನ್ಯಾಯಾಲಯದಲ್ಲಿ 'ತಪ್ಪಾಯಿತು' ಎಂದು ಒಪ್ಪಿ, ಶಿಕ್ಷೆಯಾದ ಬಳಿಕ ಮೇಲ್ಮನವಿಗೆ ಹೊರಟರೆ ಜೈನ ಸಮಾಜದ ಅನೇಕ ಸದ್ಗೃಹಸ್ಥರಿಗೆ ಅದು ಎರಡನೆಯ ಕಳವಿನಂತೆ ತೋರುತ್ತದೆ. ಮೊದಲು ಅಚೌರ್ಯವನ್ನು ಮುರಿದವನು ಈಗ ಸತ್ಯವನ್ನೂ ಮುರಿಯುತ್ತಿದ್ದಾನೆಂಬುದು ಅವರ ವಾದ. ಆ ಕೋಪ ನಿಷ್ಕಾರಣವೆಂದು ಯಾರೂ ಹೇಳರು. 2013ರಲ್ಲಿ ಮೂಡುಬಿದಿರೆಯ ಬಸದಿಯಿಂದ ಜಿನಬಿಂಬಗಳು ಕಳುವಾದಾಗ ಶ್ರಾವಕರಿಗಾದ ನೋವು ಸಾಮಾನ್ಯದ್ದಲ್ಲ. ಆದರೆ ಕೋಪವು ಪ್ರಮಾಣವಾಗಲಾರದು.

ಕಟಕಟೆಯ ಒಪ್ಪಿಗೆಯನ್ನು ಗುರುಸನ್ನಿಧಿಯ ಆಲೋಚನೆಯೆಂದು ಭ್ರಮಿಸುವುದೇ ಈ ವಾದದ ಮೂಲದೋಷ. ಆಲೋಚನೆಯು ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು. ಅದು ಸ್ವೇಚ್ಛೆಯಿಂದಲೇ ಆಗಬೇಕು. ಅದಕ್ಕೂ ಆಚಾರ್ಯರು ಹತ್ತು ದೋಷಗಳನ್ನು ಎಣಿಸಿದ್ದಾರೆ. ಗುರುವಿನ ಅನುಕಂಪವನ್ನು ಗಳಿಸಿ ಅಲ್ಪ ಪ್ರಾಯಶ್ಚಿತ್ತ ಪಡೆಯುವ ಆಶೆಯಿಂದ ಮಾಡಿದ ನಿವೇದನೆಗೆ 'ಆಕಂಪಿತ'ವೆಂದು ಹೆಸರು. ಮುನಿಯ ಬಾಯಿಂದ ಬಂದಾಗಲೇ ಅಂತಹ ಮಾತು ದೂಷಿತವಾಗುವುದಾದರೆ, ಜಾಮೀನು ನಿಲ್ಲುವವರಿಲ್ಲದೆ ತಿಂಗಳುಗಟ್ಟಲೆ ಸೆರೆಯಲ್ಲಿದ್ದವನಿಗೆ 'ಒಪ್ಪಿಕೋ, ಒಳಗೆ ಕಳೆದ ದಿನಗಳೇ ಶಿಕ್ಷೆಯಾಗುತ್ತವೆ, ಮನೆಗೆ ಹೋಗಬಹುದು' ಎಂದು ಕಿವಿಯಲ್ಲಿ ಊದಿ ಹೊರಡಿಸಿದ ಮಾತು ಯಾವ ಲೆಕ್ಕದಲ್ಲಿ ಸತ್ಯವಾದೀತು?

ಕಾನೂನು ಇಂತಹವನಿಗೆ ಬಾಗಿಲನ್ನು ವಿಶಾಲವಾಗಿ ತೆರೆದಿಟ್ಟಿದೆ ಎಂದು ಭಾವಿಸುವುದೂ ತಪ್ಪು. 1973ರ ದಂಡ ಪ್ರಕ್ರಿಯಾ ಸಂಹಿತೆಯ 375ನೆಯ ಪ್ರಕರಣದಂತೆಯೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 416ರಂತೆಯೂ, ಕೆಳಗಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡವನು ಶಿಕ್ಷೆಯ ಪ್ರಮಾಣ ಅಥವಾ ನ್ಯಾಯಬದ್ಧತೆಯ ಬಗೆಗಷ್ಟೇ ಮೇಲ್ಮನವಿ ಸಲ್ಲಿಸಬಲ್ಲನು. ಒಪ್ಪಿಗೆ ಪಡೆದ ರೀತಿಯಲ್ಲಿಯೇ ಲೋಪವಿದ್ದರೆ ಪುನರೀಕ್ಷಣೆಯ ದಾರಿಯುಂಟು. 2006ರಿಂದ ನಡೆದುಬಂದಿರುವ ಶಿಕ್ಷೆಯ ಚೌಕಾಶಿಯು ಏಳು ವರ್ಷ ಮೀರದ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಸಲ್ಲುತ್ತದೆ. ಕಳವಿಗಾಗಿ ರಾತ್ರಿ ಮನೆಗೆ ಕನ್ನ ಹಾಕಿದ್ದಕ್ಕೆ ಹದಿನಾಲ್ಕು ವರ್ಷದವರೆಗೆ ಶಿಕ್ಷೆಯುಂಟು. ಹಾಗಿರುವಾಗ ಆ ಪ್ರಕರಣದಲ್ಲಿ ನಡೆಯುವ ಪಿಸುಮಾತಿನ ಒಪ್ಪಂದ ಕಾನೂನಿನ ಹೊರಗಿನದು. ಕಳವಿನದಲ್ಲದಿದ್ದರೂ ಕರ್ನಾಟಕದಿಂದಲೇ ಹೋದ ತಿಪ್ಪಸ್ವಾಮಿ ಪ್ರಕರಣದಲ್ಲಿ, ಅಲ್ಪ ಶಿಕ್ಷೆಯ ಆಶೆ ತೋರಿ ಒಪ್ಪಿಸಿ ಬಳಿಕ ಮೇಲಿನ ಹಂತದಲ್ಲಿ ಶಿಕ್ಷೆಯನ್ನು ಹೆಚ್ಚಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಉಚಿತ ಕಾನೂನು ನೆರವಿನ ಹಕ್ಕನ್ನು ಆರೋಪಿಗೆ ತಿಳಿಸದೆ ನಡೆಸಿದ ವಿಚಾರಣೆ ನಿಲ್ಲದೆಂದು 1986ರ ಸುಖ್ ದಾಸ್ ತೀರ್ಪು ಸಾರಿತು.

'ಹಾಗಾದರೆ ನಿಜವಾದ ಕಳ್ಳನೂ ತಪ್ಪಿಸಿಕೊಳ್ಳುವನಲ್ಲ' ಎಂಬ ಆಕ್ಷೇಪ ಬರುವುದು ಸಹಜ. ಒಪ್ಪಿಗೆ ರದ್ದಾದ ಮಾತ್ರಕ್ಕೆ ಅವನು ಬಿಡುಗಡೆಯಾಗುವುದಿಲ್ಲ. ವಿಚಾರಣೆ ಆರಂಭವಾಗುತ್ತದೆ, ಸಾಕ್ಷಿಗಳು ಬರುತ್ತಾರೆ, ದೋಷ ರುಜುವಾತಾದರೆ ಮೊದಲಿಗಿಂತ ಹೆಚ್ಚಿನ ಶಿಕ್ಷೆಯೂ ಆದೀತು. ಅಷ್ಟನ್ನು ತಿಳಿದೂ ವಿಚಾರಣೆ ಬೇಕೆನ್ನುವವನನ್ನು ಸುಳ್ಳನೆಂದು ಜರೆಯುವುದು ಹೇಗೆ?

ಇನ್ನು ಅಚೌರ್ಯದ ಮಾತು. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವುದೂ ತೂಕ-ಅಳತೆಯಲ್ಲಿ ಮೋಸವೂ ಸೇರಿವೆ. ತಕ್ಕಡಿಯಲ್ಲಿ ಸಿಕ್ಕಿಬಿದ್ದ ಅಂಗಡಿಯವರು 2009ರ ಮಾಪನಶಾಸ್ತ್ರ ಕಾಯಿದೆಯಂತೆ ಶುಲ್ಕ ಕಟ್ಟಿ ರಾಜಿಯಾಗುತ್ತಾರೆ. ಬೇಡವೆನಿಸಿದರೆ ಒಳ್ಳೆಯ ವಕೀಲರನ್ನಿಟ್ಟು ಹೈಕೋರ್ಟಿನವರೆಗೂ ಹೋಗುತ್ತಾರೆ. ಅವರ ಸತ್ಯವ್ರತಕ್ಕೆ ಭಂಗ ಬಂತೆಂದು ಯಾವ ಸಭೆಯಲ್ಲಿಯೂ ಚರ್ಚೆಯಾದದ್ದಿಲ್ಲ. ಚಾತುರ್ಮಾಸದ ಪಟ್ಟಿಯಲ್ಲಿ ಅವರ ಹೆಸರು ಮೊದಲೇ ಇರುತ್ತದೆ!

ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಮೂವತ್ತು ದಿನ, ಪುನರೀಕ್ಷಣೆಗೆ ತೊಂಬತ್ತು ದಿನ. ಸೆರೆಯಲ್ಲಿರುವವನು ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳುಹಿಸಬಹುದು. ಉಚಿತ ವಕೀಲರನ್ನು ಪಡೆಯುವ ಹಕ್ಕೂ ಅವನಿಗುಂಟು. ಅಕ್ಷರ ಬಾರದವನಿಗೆ ಇದನ್ನು ಆ ಮೂವತ್ತು ದಿನಗಳೊಳಗೆ ಹೇಳುವವರು ಬೇಕು. ಊರೂರಿನ ಶ್ರಾವಕ ವಕೀಲರಿಗೆ ಅದು ತಿಂಗಳಿಗೊಂದು ಮಧ್ಯಾಹ್ನದ ಕೆಲಸ.