ಎರಡ ಮಿನಿಟ್ ಅಂತ, ಸಾಲಿ ಗೇಟಿನ ಮುಂದ!

ಅಕ್ಕಾರ, ವೈನಿಗೋಳ, ಕಾಕೂಗೋಳ, ಈ ಸಲ ಅಡಗಿ ಮಾತಿಲ್ಲ, ಹಪ್ಪಳ-ಸಂಡಿಗಿ ಮಾತೂ ಇಲ್ಲ. ಈ ಸಲ ಜಗಳ. ಅದೂ ದೂರದವ್ರ ಕೂಡ ಅಲ್ಲ, ನಮ್ಮ ನಮ್ಮೊಳಗಿನ ಜಗಳ. ಓದಿ ಯಾರಿಗರೆ ಸಿಟ್ಟು ಬಂತಂದ್ರ ಮನಿಗೆ ಬರ್ರಿ, ಚಾ ಕುಡದು ಜಗಳಾಡೂಣು. ಆದ್ರ ಆಡಿದ ಮಾತು ಮಾತ್ರ ನಾ ಹಿಂದ ತಗೊಳ್ಳೂದಿಲ್ಲ.

ಮಾತು ಇಷ್ಟ. ಸಣ್ಣ ಹುಡುಗೂರ ಸಾಲಿ ಗೇಟಿನ ಮುಂದ ಕಾರು, ಸ್ಕೂಟಿ, ಬುಲೆಟ್ ತಂದು ನಿಂದ್ರಸೂದು ತಪ್ಪು. ಎರಡ ಮಿನಿಟ್ ನಿಂದ್ರಿಸಿದ್ರೂ ತಪ್ಪು. ಮಳಿ ಇದ್ರೂ ತಪ್ಪು. ನಮ್ಮ ಕೂಸು ಅಳಾಕತ್ತಿದ್ರೂ ತಪ್ಪು.

ದಿನಾ ಕಣ್ಣಾರೆ ನೋಡೂದನ್ನ ಹೇಳ್ತೀನಿ. ಮಗಳು ಡ್ಯೂಟಿಗೆ ಹೋಗ್ತಾಳ, ಅದಕ್ಕ ಮೊಮ್ಮಗಳನ್ನ ಸಾಲಿಗೆ ಬಿಟ್ಟು ಕರಕೊಂಡು ಬರೂದು ನನ್ನ ಪಾಲಿಗೆ ಬಂದೈತಿ. ಎರಡನೇತ್ತಾ ಓದೂ ಹುಡುಗಿ. ನಡಕೋತ ಹೋಗ್ತೀವಿ. ಗೇಟು ನೂರು ಹೆಜ್ಜಿ ದೂರ ಇರೂತನಕ ದಾರಿ ಛಲೋ. ಅಲ್ಲಿಂದ ಮುಂದ ಸುರು ಆಗ್ತೈತಿ. ಗೇಟಿಗೆ ಅಡ್ಡ ಒಂದು ಕಾರು. ಅದರ ಮಗ್ಗಲಕ, ರಸ್ತೆ ನಡುವ ಇನ್ನೊಂದು, ಅದರ ಇಂಜಿನ್ ಸುದ್ದಾ ಬಂದ್ ಮಾಡಿರೂದಿಲ್ಲ. ಎರಡರ ಸಂದ್ಯಾಗ ಸ್ಕೂಟಿಗೋಳು. ಫುಟ್‌ಪಾತಿನ ಮ್ಯಾಲೆ ಬುಲೆಟ್. ಹಿಂದ ಸಾಲಿ ಬಸ್ಸಿನಾಂವ ಹಾರ್ನ್ ಹೊಡಕೋತ ನಿಂತಿರ್ತಾನ. ನಡಕೊಂಡು ಬಂದ ಹುಡುಗೂರು ಗಟಾರದ ಕಲ್ಲಿನ ಮ್ಯಾಲೆ ಕಾಲಿಟ್ಟು, ಪಾಟಿಚೀಲ ಎದಿಗೆ ಅವಚಿಕೊಂಡು, ಗಾಡಿ ಸಂದ್ಯಾಗ ಹಾಯ್ದು ಒಳಗ ಹೋಗಬೇಕು.

ಒಂದಿನ ಒಬ್ಬಾಂವ ಹಿಂದ ನೋಡದ ಕಾರಿನ ಬಾಗಲಾ ತಗದ. ಮೊಮ್ಮಗಳ ಹಣಿಗೆ ಬಡೀತು. ಕೇಳಿದ್ದಕ್ಕ ಅಂವ ಅಂದದ್ದು, "ಎರಡ ಮಿನಿಟ್ ರೀ ಕಾಕೂ, ನೀವ ಸ್ವಲ್ಪ ಹುಡುಗೀನ ಸಂಭಾಳಸ್ರಿ." ನೋಡ್ರಿ ನ್ಯಾಯ! ಗಾಡಿ ಅವಂದು, ಬಾಗಲಾ ಅವಂದು, ಹುಷಾರಿ ಮಾತ್ರ ಏಳು ವರ್ಷದ ಹುಡುಗಿದು.

ಈ ಎರಡ ಮಿನಿಟಿನ ಲೆಕ್ಕಾನ ಮೊದಲ ಮಾಡೂಣು. ಒಬ್ಬಾಂವ ಎರಡು ಮಿನಿಟ್ ನಿಂತು ಹ್ವಾದ ಅಂದ್ರ ಆ ಜಾಗಾ ಖಾಲಿ ಉಳಿಯೂದಿಲ್ಲ, ಇನ್ನೊಬ್ಬಾಂವ ಬಂದು ನಿಂದರ್ತಾನ. 15 ಮಂದಿ ಒಬ್ಬರ ಹಿಂದ ಒಬ್ಬರು 2 ಮಿನಿಟ್ ನಿಂತ್ರ 30 ಮಿನಿಟ್ ಆತು. ಅಂದ್ರ ಹುಡುಗೂರು ಬರೂ ಹೊತ್ತು ಪೂರಾ ಗೇಟು ಮುಚ್ಚಿಧಂಗ. ಪ್ರತಿಯೊಬ್ಬರಿಗೂ ತಂದು ಎರಡ ಮಿನಿಟ್, ನಡಕೊಂಡು ಬಂದವ್ರಿಗೆ ಮಾತ್ರ ಅರ್ಧಾ ತಾಸು.

ಇನ್ನ ಇದ್ರಾಗ ಅಪಾಯ ಏನೈತಿ ಅಂತ ಕೇಳೂವ್ರಿಗೆ. ಆರು-ಏಳು ವರ್ಷದ ಕೂಸು ನಮ್ಮ ಎದಿಮಟ್ಟಕ್ಕೂ ಬರೂದಿಲ್ಲ. ಈಗಿನ ದೊಡ್ಡ ದೊಡ್ಡ ಕಾರಿನ ಮೂತಿ ಎಷ್ಟು ಎತ್ತರ ಇರ್ತಾವು ನೋಡೀರಿ. ಅಂಥಾ ಎರಡು ಗಾಡಿ ನಡಕಿಂದ ಕೂಸು ರಸ್ತೆಕ್ಕ ಹೆಜ್ಜಿ ಇಟ್ಟಿತಂದ್ರ, ಬರೂ ಗಾಡಿಯವಂಗ ಕೂಸು ಕಾಣೂದಿಲ್ಲ, ಕೂಸಿಗೆ ಗಾಡಿ ಕಾಣೂದಿಲ್ಲ. ತಾಸಿಗೆ 30 ಕಿಲೋಮೀಟರ್ ಅಂದ್ರ ನಾವು ಸಾವಕಾಶ ಅಂತೀವಿ. ಆದ್ರ ಆ ಸಾವಕಾಶದ ಗಾಡಿನೂ ಒಂದು ಸೆಕೆಂಡಿನಾಗ 8 ಮೀಟರ್ ಮುಂದ ಬಂದಿರ್ತೈತಿ. ಬ್ರೇಕಿನ ಮ್ಯಾಲೆ ಕಾಲು ಇಡೂದ್ರಾಗ ಮುಗದ ಹೋಗಿರ್ತೈತಿ. ರಿವರ್ಸ್ ತಗೊಳ್ಳೂ ಗಾಡಿ ಮಾತಂತೂ ಕೇಳಬ್ಯಾಡ್ರಿ. ಹೊಗಿ ಬ್ಯಾರೆ, ಸೈಲೆನ್ಸರ್ ಇರೂದು ಸಣ್ಣ ಹುಡುಗೂರ ಮೂಗಿನ ಹಂತೇಕ.

ನನಗ ಎಲ್ಲಕ್ಕಿಂತ ಸಂಕಟ ಆಗೂದು ಇದಕ್ಕ: ಸಾಲಿ ಮುಂದ ಈ ಅಪಾಯ ತಂದವ್ರು ಯಾರೋ ಹೊರಗಿನ ಲಾರಿಯವ್ರಲ್ಲ. ಮಕ್ಕಳ ಅಪ್ಪ-ಅವ್ವಾರ. ಹೆತ್ತವ್ರಿಗೆ ಹೆಗ್ಗಣಾ ಮುದ್ದು ಅಂತಾರಲ್ಲ, ಮುದ್ದು ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿಮ್ಮ ಕೂಸಿನ ಕಾಲು ನೋಯಬಾರದು ಅಂತ ಮಂದಿ ಕೂಸಿನ ಕಾಲ ಮ್ಯಾಲೆ ಗಾಲಿ ಹಾಯಸೂದಕ್ಕ ಮುದ್ದು ಅಂತಾರೇನು?

ಕಾಯ್ದೆ ಇಲ್ಲ ಅಂತಲ್ಲ. 1989ರ ರಸ್ತೆ ನಿಯಮದಾಗ ಬಸ್ ಸ್ಟಾಪ್, ಸಾಲಿ, ದವಾಖಾನಿ ಬಾಗಲದ ಹತ್ತರ ಗಾಡಿ ನಿಂದ್ರಸಬಾರದು ಅಂತ ಹೆಸರು ಹಿಡದು ಬರದಿದ್ರು. ಫುಟ್‌ಪಾತಿನ ಮ್ಯಾಲೆ ನಿಂದ್ರಸಬಾರದು, ನಿಂತ ಗಾಡಿ ಮಗ್ಗಲಕ ಇನ್ನೊಂದು ನಿಂದ್ರಸಬಾರದು ಅಂತನೂ ಇತ್ತು. 1988ರ ಮೋಟಾರು ವಾಹನ ಕಾಯ್ದೆದ 122ನೇ ಕಲಮು, ಮಂದಿಗೆ ಅಪಾಯ ಇಲ್ಲಾ ಅಡಚಣಿ ಆಗೂ ಹಂಗ ರಸ್ತೆದಾಗ ಗಾಡಿ ಬಿಡಬಾರದು ಅಂತೈತಿ. 127ನೇ ಕಲಮಿನ ಪ್ರಕಾರ ಪೊಲೀಸರು ಅಂಥಾ ಗಾಡಿ ಎತ್ತಿಕೊಂಡು ಹೋಗಬಹುದು. ನಮ್ಮ ಮಕ್ಕಳು ಹುಟ್ಟೂಕಿಂತ ಮೊದಲ ಬರದಿಟ್ಟ ಮಾತು ಇವು. ಮೊಮ್ಮಕ್ಕಳು ಸಾಲಿಗೆ ಹೊಂಟ್ರು, ನಮಗ ಇನ್ನೂ ಗೊತ್ತಾಗವಲ್ದು.

ಈಗ ಒಂದೊಂದ ನೆವ ತಗೊಳ್ಳೂಣು.

"ಜಾಗಾನ ಇಲ್ಲ, ಎಲ್ಲೆ ನಿಂದ್ರಸೂದು?" ಖರೆ, ಬೆಳಗಾವ್ಯಾಗ ಜಾಗಾ ಇಲ್ಲ. ಗಣಪತ ಗಲ್ಲಿ, ರಾಮದೇವ ಗಲ್ಲಿ, ಖಡೇಬಜಾರ ಇವೆಲ್ಲಾ ಚಕ್ಕಡಿ, ಟಾಂಗಾ ಕಾಲದ ಊರು. ಕ್ಯಾಂಪಿನಾಗ ರಸ್ತೆ ಅಗಲ ಅದಾವು, ಆದ್ರ ಸಾಲಿಗೋಳೂ ಹತ್ತರ ಹತ್ತರ ಅದಾವು. ಜಾಗಾ ಇಲ್ಲ ಅಂದ ಮ್ಯಾಲೆ ಇದ್ದ ಇಷ್ಟು ಜಾಗಾ ಯಾರಿಗೆ ಮೊದಲ ಸಿಗಬೇಕು? ಸಣ್ಣ ಕಾರಂದ್ರೂ ಸುಮಾರು 12 ಫೂಟು ಉದ್ದ ಇರ್ತೈತಿ. ಒಂದು ಕೂಸು ಬಂದ ಕಾರಿನ ಆ ಜಾಗಾದಾಗ ಇಪ್ಪತ್ತು ಹುಡುಗೂರು ಸಾಲಾಗಿ ನಿಂದರ್ತಾರ. ಮತ್ತ ಕೆಲವ್ರು ಏನಂತಾರ ಗೊತ್ತೈತೇನು? ಗೇಟಿನ ಹತ್ತರ ಬುಟ್ಟಿ ಇಟಗೊಂಡು ಪೇರಲ ಹಣ್ಣು ಮಾರೂ ಮುದುಕೀನ ಎಬ್ಬಸ್ರಿ ಅಂತಾರ! ಆಕಿ ಬುಟ್ಟಿ ಎರಡು ಫೂಟು. ಬುಟ್ಟಿ ಯಾರ ಮ್ಯಾಲೂ ಹಾಯೂದಿಲ್ಲವಾ.

2016ರಾಗ ದೇಶದಾಗ ಮೊದಲ ಆರಿಸಿದ 20 ಸ್ಮಾರ್ಟ್ ಸಿಟಿಯೊಳಗ ನಮ್ಮ ಬೆಳಗಾವಿ ಬಂತು. ಆಮ್ಯಾಲೆ ಎಷ್ಟೋ ಕಡೆ ಛಂದ ಛಂದ ಫುಟ್‌ಪಾತ್ ಆದವು. ಅದ್ರ ಮ್ಯಾಲೆ ಯಾರು ಅದಾರ? ಗಾಡಿಗೋಳು. ಮಂದಿ ಕೆಳಗ ರಸ್ತೆದಾಗ. ಊರು ಸ್ಮಾರ್ಟ್ ಆತು, ನಮಗ ಬುದ್ಧಿ ಬರೂದು ಬಾಕಿ ಐತಿ.

"ಮಳಿ ರೀ ಅಕ್ಕಾರ, ಕೂಸು ತೋಯ್ತೈತಿ." ಜೂನದಿಂದ ನಮ್ಮಲ್ಲೆ ಮಳಿ ಹೆಂಗಿರ್ತೈತಿ ಅಂತ ನನಗೇನು ಹೇಳಬ್ಯಾಡ್ರಿ, ನಾ ಖಾನಾಪುರದಾಕಿ. ಮಳ್ಯಾಗ ಕಾರಿನ ಕಾಜು ಮಬ್ಬಾಗಿರ್ತಾವು, ಹುಡುಗೂರು ಟೊಪ್ಪಿ, ಛತ್ರಿ ಮುಂದ ಮಾಡಿಕೊಂಡು ತೆಳಗ ನೋಡಕೋತ ಓಡ್ತಿರ್ತಾರ. ಗೇಟಿನ ಮುಂದ ಗಾಡಿ ಇರಬಾರದ ದಿನ ಯಾವುದರೆ ಇದ್ರ ಅದು ಮಳಿ ದಿನಾನ. ತೋಯ್ದ ಕೂಸಿನ ತಲಿ ಒರಸಬಹುದು. ಬ್ಯಾರೆ ಏನರೆ ಆತಂದ್ರ ಏನು ಒರಸ್ತೀರಿ?

"ಹೊತ್ತಾಗ್ತೈತಿ, ಆಫೀಸಿಗೆ ಹೋಗಬೇಕು." ಇದನ್ನ ನಾ ನಗಚಾಟಿಕಿ ಮಾಡೂದಿಲ್ಲ. ರೊಟ್ಟಿ ಬಡದು, ಡಬ್ಬಿ ಕಟ್ಟಿ, ಕೂಸಿನ ಜಳಕ ಮಾಡಿಸಿ, ತಾನೂ ತಯಾರಾಗಿ ಓಡೂ ಹೆಣ್ಣಮಗಳ ಪಾಡು ನಮ್ಮ ಮನ್ಯಾಗೂ ಐತಿ. ಆದ್ರ ನೂರು ಹೆಜ್ಜಿ ನಡಿಯಾಕ ಎಷ್ಟು ಹೊತ್ತು ಬೇಕು? ಎರಡ ಮಿನಿಟ್! ನೀವ ಹೇಳಿದ ಅದ ಎರಡ ಮಿನಿಟ್. ಗೇಟಿನ ಮುಂದ ಸಿಕ್ಕಾಕೊಂಡು ಹಿಂದ ಮುಂದ ಆಗಿ ಕಳಿಯೂ ಹೊತ್ತಿಗಿಂತ ಕಡಿಮಿನ. ಕಾಲಿಗೆ ತ್ರಾಸ ಇರೂ ಕೂಸು, ಜಡ್ಡಾದ ಕೂಸು ಇದ್ರ ಮಾತು ಬ್ಯಾರೆ, ಅವ್ರಿಗೆ ಗೇಟಿನ ಹತ್ತರ ಜಾಗಾ ಬಿಡೂದು ನಮ್ಮ ಧರ್ಮ. ಉಳದವ್ರೆಲ್ಲಾ ಅಡ್ಡ ನಿಂತ ಮ್ಯಾಲೆ ಆ ಕೂಸು ಎಲ್ಲೆ ಇಳೀಬೇಕು?

ಖಾನಾಪುರದ ಮಾತು ಬಂತು, ಹೇಳೇ ಬಿಡ್ತೀನಿ. ನಾವು ಸಾಲಿಗೆ ಹೋಗೂ ಕಾಲಕ್ಕ ಮಲಪ್ರಭಾದ ಆಚಿ ಕಡಿಂದ ಸುದ್ದಾ ಹುಡುಗೂರು ನಡಕೋತ ಬರತಿದ್ರು. ಈಗೂ ಭೀಮಗಡದ ಕಾಡಾಗಿನ ಕೆಲವು ಹಳ್ಳಿಗೆ ನೆಟ್ಟನ ದಾರಿ ಇಲ್ಲ, ಮಳಿಗಾಲದಾಗ ಅಲ್ಲಿ ಮಂದಿ ಹಳ್ಳ ದಾಟೂದು ಅಂದ್ರ ಜೀವ ಕೈಯಾಗ ಹಿಡದಂಗ. ಅದ ತಾಲೂಕಿನ ಪ್ಯಾಟ್ಯಾಗ, ಸ್ಟೇಶನ್ ರೋಡಿನ ಕಡೆ ಮನಿ ಇದ್ದವ್ರು, ಮನಿಗೂ ಸಾಲಿಗೂ ಒಂದು ಕೂಗಳತಿ ಇದ್ರೂ ಕಾರು ತಗೀತಾರ. ಹೋದ ಸಲ ತವರಿಗೆ ಹೋದಾಗ ನೋಡಿದೆ, ಬೆಳಗಾವಿದ ಈ ರೋಗ 25 ಕಿಲೋಮೀಟರ್ ದಾಟಿ ಅಲ್ಲಿಗೂ ಮುಟ್ಟೇತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದಾಗ ಒಂದರಿಂದ ಐದನೇತ್ತಾ ತನಕ ಸಾಲಿ ಮನಿಯಿಂದ 1 ಕಿಲೋಮೀಟರಿನೊಳಗ ಇರಬೇಕು ಅಂತ ನಿಯಮ ಮಾಡಿದ್ರು. ಸಣ್ಣ ಹುಡುಗೂರು ನಡಕೊಂಡು ಹೋಗಲಿ ಅಂತನ. ನಾವು ಓಣ್ಯಾಗಿನ ಸಾಲಿ ಬಿಟ್ಟು ಊರ ಆಚಿ ಸಾಲಿಗೆ ಹೆಸರು ಹಚ್ಚಿ, ಆಮ್ಯಾಲೆ ಟ್ರಾಫಿಕ್ ಅಂತ ಬೈತೀವಿ.

ಕನ್ನಡ ಸಾಲಿ, ಮರಾಠಿ ಸಾಲಿ, ಉರ್ದು ಸಾಲಿ, ಇಂಗ್ಲಿಷ್ ಮೀಡಿಯಂ, ಯಾವುದರ ಗೇಟಿಗೆ ಹೋಗ್ರಿ, ಇದ ಹಾಡು. ಇಷ್ಟು ವರ್ಷ ಭಾಷಾದ ಮ್ಯಾಲೆ ಜಗಳಾಡಿದ ಊರಿನಾಗ ಇದೊಂದ್ರಾಗ ಒಗ್ಗಟ್ಟು ಐತಿ ನೋಡ್ರಿ!

"ಪೊಲೀಸರು ಏನು ಮಾಡ್ತಾರ?" ಅಂತ ಕೇಳ್ತಾರ. ಅವ್ರು ಮಾಡಬೇಕು, ನಾ ಬಿಡಸೂದಿಲ್ಲ. ಡಿಸೆಂಬರದಾಗ ಸುವರ್ಣ ವಿಧಾನಸೌಧದಾಗ ಅಧಿವೇಶನ ನಡದಾಗ ದೊಡ್ಡವ್ರು ಓಡಾಡೂ ರಸ್ತೆ ಹೆಂಗ ಖಾಲಿ ಮಾಡಸ್ತಾರ! ಮಂತ್ರಿಗೋಳಿಗೆ ಆಗೂದು ಒಂದನೇತ್ತಾ ಹುಡುಗೂರಿಗೆ ಯಾಕ ಆಗಬಾರದು? ಆದ್ರ ಎಲ್ಲಾ ಸಾಲಿಗೂ ಒಂದ ಹೊತ್ತಿಗೆ ಪೊಲೀಸರು ಸಿಗೂದಿಲ್ಲ. ಪೊಲೀಸ್ ಹ್ವಾದ ಕೂಡಲೆ ಮತ್ತ ನಿಂದ್ರಸೂವ್ರು ನಾವ ಅಲ್ಲೇನು?

ಬ್ಯಾರೆ ಕಡೆ ಹೆಂಗ ಮಾಡ್ಯಾರ ಅಂದ್ರ, ಇಟಲಿ ದೇಶದ ಬೋಲ್ಜಾನೊ ಅನ್ನೂ ಊರಾಗ ಮೂವತ್ತು ವರ್ಷಕ್ಕಿಂತ ಹಿಂದನ ಸಾಲಿ ಕೂಡೂ, ಬಿಡೂ ಹೊತ್ತಿಗೆ ಸಾಲಿ ಮುಂದಿನ ರಸ್ತೆಕ್ಕ ಗಾಡಿ ಬಂದ್ ಮಾಡಿದ್ರು. 2020ರ ನಂತರ ಲಂಡನ್ನಿನಾಗ ನೂರಾರು ಸಾಲಿ ಮುಂದ ಹಿಂಗ ಮಾಡ್ಯಾರ. ಜಪಾನಿನಾಗ ಸಣ್ಣ ಹುಡುಗೂರು ಓಣಿಯವ್ರೆಲ್ಲಾ ಕೂಡಿ, ದೊಡ್ಡ ಹುಡುಗೂರು ಮುಂದ, ಸಣ್ಣವ್ರು ನಡುವ, ಸಾಲ ಹಚ್ಚಿ ನಡಕೊಂಡು ಹೋಗ್ತಾರ. ಅವ್ರ ಹಂತೇಕ ಕಾರಿಲ್ಲ ಅಂತೇನು? ಕಾರು ಮಾಡೂ ದೇಶಾನ ಅದು!

ನಮ್ಮ ಕೈಯಾಗ ಏನೈತಿ, ಅದನ್ನ ಮಾಡೂಣು. ಒಂದು, ಗಾಡಿ ನೂರು ಹೆಜ್ಜಿ ಹಿಂದ ನಿಂದ್ರಸೂದು, ಕೂಸಿನ ಕೈ ಹಿಡದು ನಡಿಯೂದು. ಎರಡು, ಒಂದ ಓಣ್ಯಾಗಿನ ನಾಕು ಮಕ್ಕಳಿಗೆ ನಾಕು ಗಾಡಿ ಬ್ಯಾಡ. ವಾರಕ್ಕ ಒಬ್ಬರಂಗ ಪಾಳಿ ಹಚ್ಚಿಕೊಂಡು ಎಲ್ಲಾರನ್ನೂ ನಡಿಸಿಕೊಂಡು ಹೋಗೂಣು, ನನ್ನಂಥ ಆಯಿಗೋಳು ಮನಿಗೊಬ್ಬರು ಅದೀವಿ. ಮೂರು, ಸಾಲಿಯವ್ರಿಗೆ ಹೇಳೂಣು: ಸಣ್ಣ ತರಗತಿ ಮೊದಲ ಬಿಡ್ರಿ, ದೊಡ್ಡ ತರಗತಿ ಹತ್ತು ಮಿನಿಟ್ ತಡದು ಬಿಡ್ರಿ, ಸಾಲಿ ರಿಕ್ಷಾ, ವ್ಯಾನಿನವ್ರಿಗೆ ಒಂದು ಜಾಗಾ ಗೊತ್ತು ಮಾಡ್ರಿ, ಎರಡನೇ ಗೇಟಿಗೆ ಹಾಕಿದ ಕೀಲಿ ತಗೀರಿ.

ಹೇಳೂದು ಯಾರು ಅಂತ ಭಿಡೆ ಬ್ಯಾಡ. ಸರಕಾರಿ, ಅನುದಾನಿತ ಸಾಲ್ಯಾಗ ಸಮಿತಿ ಮಾಡಬೇಕು, ಅದ್ರಾಗ ನಾಕರಾಗ ಮೂರು ಪಾಲು ಪಾಲಕರು, ಅರ್ಧಾ ಮಂದಿ ಹೆಣ್ಣಮಕ್ಕಳು ಇರಬೇಕು ಅಂತ ಅದ ಶಿಕ್ಷಣ ಹಕ್ಕು ಕಾಯ್ದೆ ಹೇಳ್ತೈತಿ. ನಮ್ಮವ್ರು ಹೋಗ್ತಾರ, ಸಹಿ ಮಾಡ್ತಾರ, ಚಾ ಕುಡದು ಬರ್ತಾರ. ಇನ್ನ ಮ್ಯಾಲೆ ಈ ಮಾತು ಎತ್ತಿ ಬರ್ರಿ. ಖಾಸಗಿ ಸಾಲ್ಯಾಗ ಫೀ ತುಂಬೂವ್ರು ನಾವ, ಅಲ್ಲೇನು ಬಾಯಿಗೆ ಕೀಲಿ ಹಾಕ್ಯಾರೇನು?

ಕಡೀಕ ಒಂದ ಮಾತು. ಮಕ್ಕಳು ಸಾಲ್ಯಾಗ ಕಲಿಯೂಕಿಂತ ಮೊದಲ ಗೇಟಿನ್ಯಾಗ ಕಲೀತಾರ. ಅಪ್ಪ ಅಡ್ಡ ಗಾಡಿ ಹಚ್ಚಿ, ಕೇಳಿದವ್ರಿಗೆ ದಬಾಯಿಸಿದ್ರ ಕೂಸು ಅದನ್ನ ಕಲೀತೈತಿ. ಅವ್ವ ದೂರ ಗಾಡಿ ನಿಂದ್ರಿಸಿ ಕೈ ಹಿಡದು ನಡದು ಬಂದ್ರ ಅದನ್ನ ಕಲೀತೈತಿ. ಸೋಮವಾರ ಮುಂಜಾನೆ ನಾ ಗೇಟಿನ ಹತ್ತರ ಇರ್ತೀನಿ. ಯಾರ ಗಾಡಿ ಅಡ್ಡ ಬಂದ್ರೂ, ಬೀಗರಾಗಲಿ ಅಳಿಯಾಗಲಿ, ಕಾಜು ಬಡದು ಕೇಳಾಕಿನ. ನೀವೂ ಬರ್ರಿ, ಒಬ್ಬಾಕಿ ಕೇಳಿದ್ರ ಜಗಳಗಂಟಿ ಅಂತಾರ, ಹತ್ತು ಮಂದಿ ಕೇಳಿದ್ರ ಗಾಡಿ ತಗೀತಾರ.