ಕುಡಿಯದೆ ದಾಟಿದ ಒಂದು ವರ್ಷ

ಮದ್ಯವರ್ಜನ ಶಿಬಿರದ ಸಮಾರೋಪಕ್ಕೆ ಊರೇ ಸೇರುತ್ತದೆ. ಹಾರ, ಭಾಷಣ, ಹೆಂಡತಿ ಮಕ್ಕಳ ಕಣ್ಣೀರು, ಕೊನೆಗೊಂದು ಗ್ರೂಪ್ ಫೋಟೊ. ಆ ಸಂತೋಷ ಸುಳ್ಳಲ್ಲ. ಆದರೆ ಅಲ್ಲಿಂದ ಮನೆಗೆ ಹೋದವರ ಮುಂದಿನ ಮಳೆಗಾಲ ಹೇಗೆ ಕಳೆಯಿತೆಂದು ವಿಚಾರಿಸುವವರು ಕಡಿಮೆ. ಕುಡಿತ ಬಿಡುವುದು ಕೆಲವು ದಿನಗಳ ಕೆಲಸ. ಬಿಟ್ಟು ಉಳಿಯುವುದು ವರ್ಷಗಳ ಕೆಲಸ, ಅದರಲ್ಲಿ ಊರಿನ ಪಾಲೂ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಮದ್ಯವ್ಯಸನವನ್ನು ಕಾಯಿಲೆ ಎಂದೇ ಪಟ್ಟಿ ಮಾಡಿದೆ. ಚಿಕಿತ್ಸೆಯ ನಂತರ 1ರಿಂದ 12 ತಿಂಗಳು ಕುಡಿಯದೆ ಇದ್ದರೆ ಅದು ಆರಂಭದ ಹಂತ. 12 ತಿಂಗಳು ದಾಟಿದ ಮೇಲಷ್ಟೇ ನೆಲೆ ನಿಂತ ಚೇತರಿಕೆ. ಒಂದು ವರ್ಷವೇ ಏಕೆ ಬೇಕು ಎಂಬುದು ಕೊಡಗಿನ ಮಾದಾಪುರದಂಥ ಊರಿನ ವರ್ಷವನ್ನು ನೋಡಿದರೆ ತಾನಾಗಿ ತಿಳಿಯುತ್ತದೆ.

ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ‘ಚಳಿಗೆ ಒಂದು ಹಾಕ್ಕೊ ಮಾರಾಯ’ ಎಂಬ ಮಾತು ಇಲ್ಲಿ ಉಪಚಾರದಷ್ಟೇ ಸಹಜ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬಿಸಿಯಾದಂತೆ ತೋರುತ್ತದೆ, ಒಳಗಿನ ಶಾಖ ಮಾತ್ರ ಇನ್ನೂ ಬೇಗ ಸೋರಿಹೋಗುತ್ತದೆ. ಆಗಸ್ಟ್ ಬಂದರೆ 2018ರ ನೆನಪು. ಆ ವರ್ಷ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಸುತ್ತ ಗುಡ್ಡಗಳು ಕುಸಿದವು. ಮಡಿಕೇರಿ–ಸೋಮವಾರಪೇಟೆ ರಸ್ತೆ ಕಡಿದುಹೋಯಿತು. ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಜಂಬೂರಿನ ಹೊಸ ಮನೆಗಳಿಗೆ ಬಂದವು. ಅದನ್ನು ಕಂಡವರಿಗೆ ರಾತ್ರಿಯ ಜಡಿಮಳೆಯ ಸದ್ದೇ ಸಾಕು, ನಿದ್ದೆ ಹಾರಿಹೋಗಲು. ಕುಡಿತ ಬಿಟ್ಟವರಿಗೆ ಮೊದಲ ತಿಂಗಳುಗಳಲ್ಲಿ ಹೇಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಇವೆರಡೂ ಕೂಡಿದ ರಾತ್ರಿಯನ್ನು ಬಾಟಲಿ ಮುಟ್ಟದೆ ಬೆಳಗು ಮಾಡುವುದು ಸಣ್ಣ ಮಾತಲ್ಲ.

ಸೆಪ್ಟೆಂಬರ್‌ಗೆ ಕೈಲ್‌ಪೊಳ್ದ್ ಹಬ್ಬ, ಭತ್ತ ಕೊಯ್ಲಿನ ಹೊತ್ತಿಗೆ ಪುತ್ತರಿ ಹಬ್ಬ. ಆಮೇಲೆ ಕಾಫಿ ಕೊಯ್ಲು: ಕೆ.ಜಿ. ಲೆಕ್ಕದ ಕೂಲಿ, ವರ್ಷದಲ್ಲೇ ಹೆಚ್ಚು ದುಡ್ಡು ಕೈಗೆ ಬರುವ ಕಾಲ. ಏಪ್ರಿಲ್, ಮೇ ಬಂದರೆ ಸಾಲು ಸಾಲು ಮದುವೆ. ಬಟವಾಡೆಯ ಸಂಜೆ, ಹಳೆಯ ಗೆಳೆಯನ ದನಿ, ಚಪ್ಪರದ ವಾಸನೆ ಎಲ್ಲವೂ ಮಿದುಳಿನಲ್ಲಿ ಕುಡಿತದ ಜೊತೆ ಹೆಣೆದುಕೊಂಡಿರುತ್ತವೆ. ಎಂಟು ತಿಂಗಳಿನಿಂದ ಸುಮ್ಮನಿದ್ದ ಆಸೆ ಮದುವೆಯ ಚಪ್ಪರದಲ್ಲಿ ಒಮ್ಮೆಲೇ ಏಳುವುದು ಇದರಿಂದಲೇ. ಒಂದು ವರ್ಷ ದಾಟಿದವರು ಈ ಎಲ್ಲ ಪರೀಕ್ಷೆಗಳನ್ನೂ ಒಂದೊಂದು ಸಲ ಎದುರಿಸಿ ಬಂದಿರುತ್ತಾರೆ. ಆ 12 ತಿಂಗಳಿಗೆ ಬೆಲೆ ಬರುವುದು ಇಲ್ಲಿ.

ಶಿಬಿರಗಳಿಗಿಂತ ಅವುಗಳ ನಂತರದ ಸಭೆಗಳಿಗೇ ನಾನು ಹೆಚ್ಚು ತೂಕ ಕೊಡುತ್ತೇನೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಶಿಬಿರಗಳು ಸುಮಾರು 8 ದಿನದವು. ಅವು ಮುಗಿದ ಮೇಲೆ ಕುಡಿತ ಬಿಟ್ಟವರೇ ಸೇರುವ ನವಜೀವನ ಸಮಿತಿಗಳಿವೆ. 1935ರಲ್ಲಿ ಅಮೆರಿಕದ ಏಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ನಿಂತಿರುವುದೂ ಇದೇ ತಿಳಿವಿನ ಮೇಲೆ: ನೊಂದವನ ಮಾತು ನೊಂದವನಿಗೆ ತಟ್ಟುತ್ತದೆ. ಶಿಬಿರ ಮುಗಿಸಿ ಈ ಸಭೆಗಳನ್ನು ಬಿಟ್ಟವರು ಅರ್ಧ ಚಿಕಿತ್ಸೆಯನ್ನೇ ಬಿಟ್ಟ ಹಾಗೆ.

ಮನೆಯವರಿಗೂ ಎರಡು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ದಿಢೀರನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ಜೀವಕ್ಕೂ ಅಪಾಯವಾಗಬಹುದು. ವೈದ್ಯರ ಕಣ್ಣೆದುರಿನಲ್ಲೇ ಬಿಡಿಸಬೇಕು. ಇನ್ನೊಂದು, ‘ಅವರಿಗೆ ಗೊತ್ತಾಗದಂತೆ ಸಾರಿಗೆ ಬೆರೆಸಿ’ ಎಂದು ಮಾರುವ ಮಾತ್ರೆ, ಪುಡಿ. ಡೈಸಲ್ಫಿರಾಂನಂಥ ಔಷಧ ಹೊಟ್ಟೆಯಲ್ಲಿರುವಾಗ ಅರಿಯದೆ ಕುಡಿದವರ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಪ್ರೀತಿಯಿಂದ ಮಾಡಿದರೂ ಅದು ತಪ್ಪು.

ಇನ್ನು ಜಾರಿದವರ ವಿಷಯ. ಒಂದು ಸಂಜೆ ಕುಡಿದು ಬಂದ ಕೂಡಲೇ ‘ಮುಗೀತು, ಇವನು ಇಷ್ಟೇ’ ಎಂದುಬಿಡುತ್ತೇವೆ. ಸಕ್ಕರೆ ಕಾಯಿಲೆಯವರು ಹಬ್ಬದಲ್ಲಿ ಹೋಳಿಗೆ ತಿಂದು ಸಕ್ಕರೆ ಏರಿಸಿಕೊಂಡರೆ ಡಾಕ್ಟರು ಅವರನ್ನು ಹೊರಗಟ್ಟುವುದಿಲ್ಲ, ಮದ್ದು ಸರಿಮಾಡಿ ಕಳಿಸುತ್ತಾರೆ. ಇಲ್ಲೂ ಹಾಗೆಯೇ ಆಗಬೇಕು. ಜಾರಿದ ಮರುದಿನವೇ ವೈದ್ಯರ ಬಳಿಗೋ ಸಭೆಗೋ ಮರಳಿದರೆ ಕಳೆದ ತಿಂಗಳುಗಳ ದುಡಿಮೆ ವ್ಯರ್ಥವಾಗುವುದಿಲ್ಲ. ಕುಡಿತದಿಂದ ಹೊರಬಂದವರನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಮನೋವೈದ್ಯ ಜಾರ್ಜ್ ವೈಲಂಟ್, 5 ವರ್ಷ ದಾಟಿದವರು ಮತ್ತೆ ಕುಡಿತಕ್ಕೆ ಬೀಳುವುದು ಅಪರೂಪವೆಂದು ಕಂಡುಕೊಂಡರು. ದಾರಿ ಉದ್ದ, ಆದರೆ ತಲುಪುವ ದಾರಿಯೇ.

ಈ ದಾರಿಗೆ ಬಂದವರೇ ತೀರ ಕಡಿಮೆ. 2019ರಲ್ಲಿ ಪ್ರಕಟವಾದ ಏಮ್ಸ್ ನೇತೃತ್ವದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿಯನ್ನು ತಡೆದು ನಿಲ್ಲಿಸಿದ್ದರಲ್ಲಿ ನಮ್ಮ ನಾಲಿಗೆಯ ಪಾಲು ದೊಡ್ಡದು. ‘ಬಿಟ್ಟಿದ್ದಾನಂತೆ, ನೋಡೋಣ ಎಷ್ಟು ದಿನ’ ಎಂಬ ಮಾತು ಕಿವಿಗೆ ಬಿದ್ದಾಗ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೊರಟವರೂ ಹಿಂದೆ ಸರಿಯುತ್ತಾರೆ.

ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮದ್ಯವನ್ನೂ ಸೇರಿಸಿ ಮೀದಿ (ಎಡೆ) ಇಡುವ ಸಂಪ್ರದಾಯವನ್ನು ನಾನು ಪ್ರಶ್ನಿಸುತ್ತಿಲ್ಲ. ಹಿರಿಯರಿಗೆ ಇಟ್ಟದ್ದನ್ನು ಕುಡಿತ ಬಿಟ್ಟವರ ಬಾಯಿಗೂ ಹಿಡಿಯಬೇಕೆಂಬ ನಿಯಮ ಮಾತ್ರ ಯಾವ ಕೊಡವ ಕುಟುಂಬದ ಐನ್‌ಮನೆಯಲ್ಲೂ ಇಲ್ಲ. ಮದುವೆ ಮನೆಯವರು ಒತ್ತಾಯ ನಿಲ್ಲಿಸಲಿ, ‘ಬೇಡ’ ಎಂದವರಿಗೆ ಕಾಫಿಯನ್ನು ಅಷ್ಟೇ ಮರ್ಯಾದೆಯಿಂದ ಕೊಡಲಿ. ತೋಟದ ಮಾಲೀಕರು, ಕೆಲಸಗಾರರೇ ಕೇಳಿಕೊಂಡರೆ, ಬಟವಾಡೆಯನ್ನು ಕೈಗೆ ಕೊಡುವ ಬದಲು ಬ್ಯಾಂಕಿಗೆ ಹಾಕಲಿ. ಮನೆಯವರು ಅನುಮಾನದಿಂದ ಬಾಯಿ ಮೂಸುವುದನ್ನು ಬಿಟ್ಟು, ಮನೆಯ ಒಂದೊಂದೇ ಹೊಣೆಯನ್ನು ಅವರಿಗೆ ಮರಳಿ ಒಪ್ಪಿಸಲಿ. ನೆರವು ಬೇಕಾದವರಿಗೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇವೆ. ನಿಮ್ಮ ಮನೆಯಲ್ಲೋ ಪಕ್ಕದ ಲೈನ್‌ಮನೆಯಲ್ಲೋ ಯಾರಾದರೂ ನರಳುತ್ತಿದ್ದರೆ ಇವತ್ತೇ ಈ ನಂಬರು ಕೊಡಿ. ಅವರು ಕುಡಿತ ಬಿಟ್ಟ ಮೇಲೆ ಮುಂದಿನ ಒಂದು ವರ್ಷ ಅವರ ಜೊತೆಗಿರಿ.