ನಟಿ ಬರೋದು ಜಾಹೀರಾತು ಮುಗಿದ ಮೇಲಾ?

ಟೀವಿಯ ಮಾತುಕತೆ ಷೋಗಳ ಚಾಳಿ ನೋಡಿದ್ದೀರಲ್ಲ ಗೆಳೆಯರೇ? ಮೊದಲರ್ಧ ಚುನಾವಣೆ. ಕೋಟು ತೊಟ್ಟ ಪಂಡಿತರು ಜಾತಿ, ಶೇಕಡಾ, ಅಲೆ ಅಂತ ಅರೀತಾರೆ. ಜಾಹೀರಾತು ಮುಗಿದ ಮೇಲೆ ಪ್ರಶಸ್ತಿ ಗೆದ್ದ ನಟಿ ಬರ್ತಾರೆ. "ಮೇಡಂ, ಮೊದಲ ಶಾಟ್ ನೆನಪಿದೆಯಾ?" ಊಟ ಆದ್ಮೇಲೆ ಬಾಳೆಹಣ್ಣು ಕೊಟ್ಟ ಹಾಗೆ!

ಉಮಾಶ್ರೀಯವರನ್ನು ಮೊದಲರ್ಧಕ್ಕೇ ಕೂರಿಸಿ ಸ್ವಾಮಿ ಅಂತೀನಿ ನಾನು.

ರಂಗಭೂಮಿಯಲ್ಲಿ ದೇವನೂರರ 'ಒಡಲಾಳ'ದ ಸಾಕವ್ವ ಈಕೆ. 1984ರಲ್ಲಿ ಕಾಶೀನಾಥರ 'ಅನುಭವ'. ಆಮೇಲೆ ಗಾಂಧಿನಗರ ಕೊಟ್ಟದ್ದು ಬಹುಪಾಲು ಹಾಸ್ಯ, ಅದರಲ್ಲೂ ಎರಡರ್ಥದ ಮಾತು. ಅಪ್ಪಂದಿರು ಟೆಂಟಿನಲ್ಲಿ ಸಿಳ್ಳೆ ಹೊಡೆದರು, ನಾವು ಮೊಬೈಲಲ್ಲಿ ನೋಡಿ ನಗ್ತೀವಿ. ಸಾಕವ್ವನನ್ನು ಕೇಳಿದವರು ಯಾರು? ಕೊನೆಗೆ ಗಿರೀಶ್ ಕಾಸರವಳ್ಳಿ ಕೇಳಿದರು. ವೈದೇಹಿಯವರ ಕಥೆಯ 'ಗುಲಾಬಿ ಟಾಕೀಸ್'ನಲ್ಲಿ ಸೂಲಗಿತ್ತಿ ಗುಲಾಬಿ. ಅವಳ ಮನೆಗೆ ಟೀವಿ ಬರುತ್ತೆ, ಕೇರಿಯ ಹೆಂಗಸರು ಸೇರ್ತಾರೆ, ಮುಂದೆ ಊರೇ ಎರಡಾಗುತ್ತೆ. 2007ರ ಸಾಲಿನ ರಾಷ್ಟ್ರಪ್ರಶಸ್ತಿ!

ಈಗ ಚುನಾವಣೆ ಲೆಕ್ಕ. ಆ ಚಿತ್ರ ತೆರೆಗೆ ಬಂದ 2008ರಲ್ಲೇ ಕಾಂಗ್ರೆಸ್‌ನಿಂದ ತೇರದಾಳದಲ್ಲಿ ನಿಂತರು, ಸೋತರು. 2013ರಲ್ಲಿ ಗೆದ್ದು ಮಂತ್ರಿಯಾದರು. 2018ರಲ್ಲಿ ಮತ್ತೆ ಸೋಲು. ಮೂರೂ ಸಲ ಎದುರಾಳಿ ಬಿಜೆಪಿಯ ಸಿದ್ದು ಸವದಿಯೇ. ಮುಖವೂ ಅದೇ, ಹೆಸರೂ ಅದೇ! ಬದಲಾದದ್ದು ರಾಜ್ಯದ ಗಾಳಿ: 2008ರಲ್ಲಿ ಬಿಜೆಪಿಗೆ 110 ಸೀಟು, 2013ರಲ್ಲಿ ಯಡಿಯೂರಪ್ಪ ಬೇರೆ ಪಕ್ಷ ಕಟ್ಟಿದ್ದಾಗ ಕಾಂಗ್ರೆಸ್‌ಗೆ 122, 2018ರಲ್ಲಿ ಬಿಜೆಪಿಗೆ 104. ಹೀಗಿರುವಾಗ ಪಂಡಿತರು 'ತಾರಾ ವರ್ಚಸ್ಸು' ಅನ್ನೋದು ಯಾವುದಕ್ಕೆ? ಜನ ನೋಡೋಕೆ ಸೇರ್ತಾರೆ, ಓಟು ಬೇರೆ ಕಡೆ ಹಾಕ್ತಾರೆ. ಅಭಿನಯ ಶಾರದೆ ಜಯಂತಿಯವರೂ 1998ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಸೋತರಲ್ಲ!

ಆದರೂ ಮುಖಕ್ಕೆ ಬೆಲೆಯೇ ಇಲ್ಲ ಅನ್ನೋಕೆ ನನಗೆ ಮನಸ್ಸಿಲ್ಲ. ತೇರದಾಳ ಕ್ಷೇತ್ರದ ರಬಕವಿ-ಬನಹಟ್ಟಿ ನೇಕಾರರ ಊರು. ಮಗ್ಗದ ಮುಂದೆ ಕೂತ ಹೆಂಗಸಿಗೆ ಮನೆ ಬಾಗಿಲಲ್ಲಿ ಕಂಡದ್ದು ಗುಲಾಬಿಯಾ, ಹಾಸ್ಯದ ಉಮಾಶ್ರೀಯಾ, ಬರೀ ಹಸ್ತದ ಗುರುತಾ? ಗೆದ್ದಾಗಲೂ ಸೋತಾಗಲೂ ಆ ಬಾಗಿಲಲ್ಲಿ ನಿಂತವರು ಅವರೇ. ಪಂಡಿತರ ಕೋಷ್ಟಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಉಮಾಶ್ರೀ 2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಗೆ ಪುಟ್ಟಕ್ಕನಾದರು, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಒಂದೇ ಕುರ್ಚಿಯಲ್ಲಿ ಎರಡೂ ಅರ್ಧ ಕೂತಿದೆ! ಮೊದಲ ಶಾಟ್ ಬಿಟ್ಟು ಆ ಬಾಗಿಲ ಬಗ್ಗೆ ಕೇಳೋ ನಿರೂಪಕ ಸಿಕ್ಕರೆ ನನಗೊಂದು ಕಾರ್ಡು ಹಾಕಿ, ರಿಮೋಟ್ ಕೆಳಗಿಡ್ತೀನಿ.